ಪುಕ್ಕಟೆ ಗಾಳಿಯ ಕೇಕ್

ಕೇಳುಗರೇ, ನಮಸ್ಕಾರ. ನನಗೆ ಕೊಟ್ಟಿರುವುದು ಐದೇ ನಿಮಿಷ. ಹಾಗಾಗಿ ಒಂದೇ ಮಾತು ಹೇಳುತ್ತೇನೆ, ಅದನ್ನೇ ಮತ್ತೆ ಮತ್ತೆ ಹೇಳುತ್ತೇನೆ. ಬೇಸರ ಮಾಡಿಕೊಳ್ಳಬೇಡಿ. ಕೇಕ್ ಉಬ್ಬುವುದು ಅದರೊಳಗಿನ ಗಾಳಿಯಿಂದ. ಗಾಳಿಗೆ ಯಾರೂ ದುಡ್ಡು ಕೇಳುವುದಿಲ್ಲ.

ಕೇಕ್ ಅಂದ ಕೂಡಲೇ ಬೆಣ್ಣೆ, ಮೊಟ್ಟೆ, ಕ್ರೀಮ್ ಅಂತ ಪಟ್ಟಿ ಬರೆಯಲು ಕೂರುತ್ತೀರಿ, ಅಲ್ವಾ? ಪಟ್ಟಿ ಉದ್ದವಾದಷ್ಟೂ ಆಸೆ ಮೊಟಕಾಗುತ್ತದೆ. ಅದನ್ನು ಹರಿದು ಹಾಕಿ, ಇದನ್ನು ಬರೆದುಕೊಳ್ಳಿ. ಒಂದೂವರೆ ಕಪ್ ಮೈದಾ, 1 ಕಪ್ ಸಕ್ಕರೆ, 3 ದೊಡ್ಡ ಚಮಚ ಕೋಕೋ ಪುಡಿ, 1 ಟೀ ಚಮಚ ಅಡುಗೆ ಸೋಡಾ, ಅರ್ಧ ಟೀ ಚಮಚ ಉಪ್ಪು. ಇಷ್ಟನ್ನು ಜರಡಿ ಹಿಡಿಯಿರಿ. ಆಮೇಲೆ 1 ಕಪ್ ನೀರು, ಒಂದು ಕಪ್ಪಿನ ಮೂರನೇ ಒಂದು ಭಾಗ ಎಣ್ಣೆ, 1 ದೊಡ್ಡ ಚಮಚ ವಿನೆಗರ್. ಮುಗಿಯಿತು. ವಿನೆಗರ್ ಇಲ್ಲವೇ? ನಿಂಬೆರಸ ಹಾಕಿ. ಅಮೆರಿಕದಲ್ಲಿ 1930ರ ದಶಕದ ಕಷ್ಟಕಾಲದಲ್ಲಿ ಜನ ಹೀಗೆಯೇ ಹಾಲು, ಬೆಣ್ಣೆ, ಮೊಟ್ಟೆ ಇಲ್ಲದೆ ಕೇಕ್ ಮಾಡಿ ತಿಂದರು.

ಸೋಡಾಕ್ಕೆ ವಿನೆಗರ್‌ನ ಹುಳಿ ತಾಕಿದ ಕೂಡಲೇ ಬುಸ್ಸೆಂದು ಗುಳ್ಳೆ ಏಳುತ್ತದೆ. ಅದು ಇಂಗಾಲದ ಡೈಆಕ್ಸೈಡ್. ಮೊಟ್ಟೆಯನ್ನು ಅರ್ಧ ಗಂಟೆ ಕಡೆದು ತುಂಬಿಸುವ ಗಾಳಿಯ ಕೆಲಸವನ್ನು ಈ ಗುಳ್ಳೆಗಳು ಕ್ಷಣದಲ್ಲಿ ಮಾಡುತ್ತವೆ. ಆದರೆ ಅವು ನಿಮಗಾಗಿ ಕಾಯುವುದಿಲ್ಲ. ಇದನ್ನು ನಾನು ಕಲಿತ ಕಥೆ ಹೇಳಿಬಿಡುತ್ತೇನೆ.

ನನ್ನ ಮೊದಲ ಕೇಕ್. ಎಲ್ಲ ಅಳತೆ ಸರಿ. ವಿನೆಗರ್ ಸುರಿದೆ, ಗುಳ್ಳೆ ಎದ್ದಿತು, ಖುಷಿಯೋ ಖುಷಿ. ಅಷ್ಟರಲ್ಲಿ ಪಕ್ಕದ ಮನೆಯ ಅಕ್ಕ ಬಂದರು. ‘ಕೂರಲ್ಲಮ್ಮ, ಎರಡೇ ನಿಮಿಷ’ ಅಂದರು. ಕೂರಲಿಲ್ಲ, ನಿಜ. ಬಾಗಿಲಲ್ಲಿ ನಿಂತೇ ಮಗಳ ಮದುವೆಯ ಮಾತಿನಿಂದ ಶುರುವಾಗಿ ಸೊಂಟನೋವಿನವರೆಗೆ ಬಂದರು. ಮುಕ್ಕಾಲು ಗಂಟೆ! ಒಳಗೆ ಬಂದು ನೋಡಿದರೆ ಹಿಟ್ಟು ತಣ್ಣಗೆ ಮಲಗಿತ್ತು. ಚೆನ್ನಾಗಿ ಕಲಸಿದರೆ ಏಳುತ್ತದೆ ಅಂದುಕೊಂಡು ಇನ್ನೂ ಹತ್ತು ನಿಮಿಷ ರಪರಪ ತಿರುವಿದೆ. ಉಳಿದಿದ್ದ ನಾಲ್ಕು ಗುಳ್ಳೆಯೂ ಹೋಯಿತು, ಜೊತೆಗೆ ಮೈದಾದಲ್ಲಿ ಜಿಗುಟು ಬಂತು. ಬೆಂದು ಹೊರಬಂದದ್ದನ್ನು ನಮ್ಮತ್ತೆ ಬೆರಳಲ್ಲಿ ತಟ್ಟಿ ನೋಡಿದರು. ‘ಚೆನ್ನಾಗಿದೆ. ಗಾಳಿಗೆ ಬಾಗಿಲು ಬಡಿದುಕೊಳ್ಳುತ್ತಲ್ಲ, ಅದಕ್ಕೆ ಅಡ್ಡ ಇಡೋಣ’ ಅಂದರು.

ಮರುವಾರ ಅದೇ ಸಾಮಾನು, ಅದೇ ಅಳತೆ. ಈ ಸಲ ಒಲೆ ಮೊದಲೇ ಕಾದಿತ್ತು, ಡಬ್ಬಿಗೆ ಎಣ್ಣೆ ಸವರಿ ಇಟ್ಟಿದ್ದೆ. ವಿನೆಗರ್ ಕೊನೆಗೆ. ಒಣ ಹಿಟ್ಟು ಕಾಣದಷ್ಟು ಮಾತ್ರ ಕಲಸಿ, ಎರಡೇ ನಿಮಿಷದಲ್ಲಿ ಒಳಗೆ ತಳ್ಳಿದೆ. ಅತ್ತೆ ತಿಂದು, ‘ಎಷ್ಟು ಮೊಟ್ಟೆ ಹಾಕಿದೆ?’ ಅಂದರು. ಒಂದೂ ಇಲ್ಲ ಅಂದೆ. ಇವತ್ತಿಗೂ ನಂಬಿಲ್ಲ.

ಅಯ್ಯೋ, ಗಾಜಿನ ಆಚೆಯಿಂದ ಕೈಸನ್ನೆ ಆಗುತ್ತಿದೆ. ಬೇಗ ಹೇಳುತ್ತೇನೆ. ಎಂಟು ಇಂಚಿನ ಡಬ್ಬಿ, 180 ಡಿಗ್ರಿ ಸೆಲ್ಸಿಯಸ್, 30ರಿಂದ 35 ನಿಮಿಷ. ಮೊದಲ ಇಪ್ಪತ್ತು ನಿಮಿಷ ಬಾಗಿಲು ತೆಗೆದು ಇಣುಕಬೇಡಿ. ನಡುವೆ ಕಡ್ಡಿ ಚುಚ್ಚಿದರೆ ಹಸಿ ಹಿಟ್ಟು ಅಂಟಬಾರದು. ಓವನ್ ಇಲ್ಲದವರು ದಪ್ಪ ತಳದ ಪಾತ್ರೆಯೊಳಗೆ ಸ್ಟ್ಯಾಂಡ್ ಇಟ್ಟು, ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸಿ. ಅದಕ್ಕೆ ಸಮಯ ಜಾಸ್ತಿ ಬೇಕು. ಕ್ರೀಮ್? ಸುಮ್ನೆ ಖರ್ಚು. ಸಕ್ಕರೆ ಪುಡಿ ಉದುರಿಸಿ, ಸಾಕು.

ಮತ್ತೆ ಹೇಳುತ್ತೇನೆ, ಗಾಳಿ ಪುಕ್ಕಟೆ, ಆದರೆ ಕಾಯುವುದಿಲ್ಲ. ವಿನೆಗರ್ ಬಾಟಲಿ ಕೈಗೆತ್ತಿಕೊಳ್ಳುವ ಮೊದಲು ಮುಂಬಾಗಿಲು ಹಾಕಿ ಬನ್ನಿ. ನಮಸ್ಕಾರ.