ಬಿಲ್ ಬಾಕಿ ಐತಂತ ಬಾಡಿ ಹಿಡ್ಕೊಳ್ಳಾಕ ಬರಂಗಿಲ್ರೀ!

[ದೃಶ್ಯ: ವಿಜಯಪುರ. ನರ್ಸಿಂಗ್ ಹೋಮ್ ಒಂದರ ಬಿಲ್ಲಿಂಗ್ ಕೌಂಟರ್, ಹಿಂದಿನ ಗೋಡಿ]

ನಿರೂಪಕಿ: ನಮಸ್ಕಾರ್ರೀ. ಪೇಷಂಟ್‌ನ ಕರ್ಕೊಂಡು ಓಡಿ ಬಂದಾಗ ಈ ಗೋಡಿ ಯಾರ ನೋಡ್ತಾರ ಹೇಳ್ರಿ? ಆದ್ರ ಇಲ್ಲೇ ಕೆಪಿಎಂಇ ನೋಂದಣಿ ಪತ್ರ ತೂಗಹಾಕಿರಬೇಕು. ದರಪಟ್ಟಿನೂ ಕಾಣಂಗಿರಬೇಕು. ನೋಂದಣಿ ಐದು ವರ್ಷಕ್ಕ ಮಾತ್ರ, ಅದಕ್ಕ ತಾರೀಖು ನೋಡ್ರಿ.

ಕೆಪಿಎಂಇ ಅಂದ್ರ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ. ಒಬ್ಬರ ಡಾಕ್ಟರ್ ಇರೋ ಕ್ಲಿನಿಕ್, ಲ್ಯಾಬ್, ದೊಡ್ಡ ಆಸ್ಪತ್ರಿ ಎಲ್ಲಾ ಇದರಾಗ ಬರ್ತಾವು.

[ದೃಶ್ಯ: ಬೆಳಗಾವಿ, ಸುವರ್ಣ ವಿಧಾನಸೌಧ]

2017ರ ನವೆಂಬರ್ ನೆನಪೈತೇನ್ರೀ? ಇಲ್ಲೇ ಅಧಿವೇಶನ ನಡದಿತ್ತು. ಆಗಿನ ಆರೋಗ್ಯ ಸಚಿವ ರಮೇಶ್ ಕುಮಾರ್ ಅವರು ಈ ಕಾಯ್ದೆಕ್ಕ ತಂದ ತಿದ್ದುಪಡಿ ವಿರುದ್ಧ ಖಾಸಗಿ ಡಾಕ್ಟರ್‌ಗಳು ಬೆಳಗಾವಿಗೆ ಬಂದು ಧರಣಿ ಕುಂತರು, ಓಪಿಡಿ ಬಂದ್ ಮಾಡಿದ್ರು. ಕಡೀಕ ಮಸೂದೆ ಸಾಕಷ್ಟು ಸಡಿಲಾತು. ಸರ್ಕಾರಿ ಆಸ್ಪತ್ರಿನೂ ಇದರೊಳಗ ತರ್ರಿ ಅಂತ ಈ ಕಾಯ್ದೆ ಪರಿಶೀಲನಾಕ್ಕ ಸರ್ಕಾರನ ನೇಮಿಸಿದ್ದ ನ್ಯಾಯಮೂರ್ತಿ ವಿಕ್ರಮ್‌ಜಿತ್ ಸೇನ್ ಸಮಿತಿ ಹೇಳಿತ್ತು, ಅದನ್ನೂ ಸರ್ಕಾರ ಒಪ್ಪಲಿಲ್ಲ. ನನ್ನ ಕೇಳಿದ್ರ ಅದು ತಪ್ಪು. ಜಿಲ್ಲಾಸ್ಪತ್ರಿ ಮಂಚದ ಮ್ಯಾಲೆ ಮಲಗಿದವರೂ ಪೇಷಂಟೇ ಅಲ್ರೀ!

ಆದ್ರ ಆ ತಿದ್ದುಪಡಿಯೊಳಗ ಒಂದು ಮಾತು ಗಟ್ಟಿಯಾಗಿ ಉಳೀತು. ಪೇಷಂಟ್ ತೀರಿಕೊಂಡ್ರ, "ಮೊದಲ ಬಿಲ್ ಕಟ್ರಿ, ಆಮ್ಯಾಲ ಬಾಡಿ" ಅನ್ನಂಗಿಲ್ಲ. ಬಾಕಿ ಎಷ್ಟ ಇರಲಿ, ಶವ ಕೊಡಬೇಕು. ರೊಕ್ಕ ಆಮ್ಯಾಲ ವಸೂಲಿ ಮಾಡ್ಕೋಬೇಕು. ಮಣ್ಣು ಮಾಡಾಕ ಊರಾಗ ಮಂದಿ ಕಾಯ್ತಿರ್ತಾರ, ಇಲ್ಲಿ ಮಗ ಕೊಳ್ಳಾಗಿನ ಚೈನ್ ಅಡವಿಡಾಕ ಅಂಗಡಿ ಹುಡುಕ್ತಿರ್ತಾನ. ಆ ಹೊತ್ತಿನ್ಯಾಗ ಈ ಒಂದು ಮಾತು ಗೊತ್ತಿದ್ದವರು ಒಬ್ಬರು ಜೋಡಿ ಇದ್ರ ಸಾಕು. ಹಂಗ, ಎಮರ್ಜೆನ್ಸಿ ಕೇಸ್ ಬಂದಾಗ ಅಡ್ವಾನ್ಸ್ ಕಟ್ಟೂತನಕ ಚಿಕಿತ್ಸಾ ತಡಿಯೂ ಹಂಗಿಲ್ಲ.

ಒಂದು ಗಮನ ಇರಲಿ. ನಾವು ಸೊಲ್ಲಾಪುರಕ್ಕ, ಅಥಣಿ ಕಡೆಯವರು ಮಿರಜಕ್ಕ ಹೋಗೂದು ಭಾಳ. ಗಡಿ ದಾಟಿದ್ರ ಕೆಪಿಎಂಇ ನಡೆಯಂಗಿಲ್ಲ, ಅಲ್ಲಿ ಮಹಾರಾಷ್ಟ್ರದ 1949ರ ನರ್ಸಿಂಗ್ ಹೋಮ್ ಕಾಯ್ದೆ.

[ದೃಶ್ಯ: ಜಿಲ್ಲಾಧಿಕಾರಿ ಕಚೇರಿ ಆವಕ ವಿಭಾಗ]

ನಮ್ಮ ಜಿಲ್ಲಾದಾಗಿನ ದೂರು ಎಲ್ಲಿ ಕೊಡಬೇಕು? ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕ. ಅದಕ್ಕ ಡಿಸಿ ಸಾಹೇಬ್ರ ಅಧ್ಯಕ್ಷರು, ಡಿಎಚ್‌ಒ ಅಂದ್ರ ಜಿಲ್ಲಾ ಆರೋಗ್ಯಾಧಿಕಾರಿ ಸದಸ್ಯ ಕಾರ್ಯದರ್ಶಿ. ಬಾಯಿ ಮಾತಿಲೆ ಹೇಳಿ ಬರಬ್ಯಾಡ್ರಿ. ಬಿಲ್, ರಸೀದಿ, ಡಿಸ್ಚಾರ್ಜ್ ಕಾರ್ಡಿನ ಝೆರಾಕ್ಸ್ ಹಚ್ಚಿ ಅರ್ಜಿ ಬರೀರಿ. ನಿಮ್ಮ ಪ್ರತಿ ಮ್ಯಾಲೆ ಸ್ವೀಕೃತಿ ಸಿಕ್ಕಾ, ತಾರೀಖು ಹಾಕಿಸ್ಕೊಂಡ ಹೊರಗ ಬರ್ರಿ.