ಚರ್ಮ ಯಾವ ಪದರದಲ್ಲಿ ಬಿಡುತ್ತದೆ?

ಕೇಳುಗರಿಗೆ ನಮಸ್ಕಾರ. ಕಬ್ಬು ಕಡಿಯುವ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ಕಡೆ ಎಷ್ಟೋ ಜನರ ಅಂಗೈಯಲ್ಲಿ ನೀರುಗುಳ್ಳೆ ಇರುತ್ತದೆ. ಹಿಡಿ ಉಜ್ಜಿ ಉಜ್ಜಿ ಚರ್ಮದ ಪದರ ಬಿಟ್ಟುಕೊಂಡು, ಆ ಸಂದಿಯಲ್ಲಿ ನೀರು ತುಂಬಿದ್ದು ಅದು. ಕೆಲವೇ ದಿನಕ್ಕೆ ಒಣಗುತ್ತದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಕೆಲವು ಮಕ್ಕಳಿಗೆ ಅಂಗಿ ತೊಡಿಸಿದರೆ ಸಾಕು, ಕಂಕುಳಿಗೆ ಕೈ ಕೊಟ್ಟು ಎತ್ತಿದರೆ ಸಾಕು, ಮುಟ್ಟಿದಲ್ಲೇ ಗುಳ್ಳೆ ಏಳುತ್ತದೆ. ಎಪಿಡರ್ಮೊಲೈಸಿಸ್ ಬುಲ್ಲೋಸಾ ಅಂತ ಆ ರೋಗದ ಹೆಸರು. ಬಾಗಲಕೋಟೆಯಲ್ಲಿ ಚರ್ಮದ ಡಾಕ್ಟರಾಗಿರುವ ನನ್ನ ಹತ್ತಿರ ಇಂಥ ಮಗುವನ್ನು ಕರೆದುಕೊಂಡು ಬಂದವರು ಮೊದಲು ಕೇಳುವುದು, "ಇದು ಇನ್ನೊಬ್ಬರಿಗೆ ಹತ್ತುತ್ತದಾ?" ಅಂತ. ಇಲ್ಲ, ಖಂಡಿತ ಹತ್ತುವುದಿಲ್ಲ. ಆ ಮಗುವನ್ನು ಬೇರೆ ಮಕ್ಕಳಿಂದ ದೂರ ಕೂರಿಸುವುದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ನಮ್ಮ ಚರ್ಮದಲ್ಲಿ ಮೇಲೆ ತೆಳ್ಳಗಿನ ಎಪಿಡರ್ಮಿಸ್ ಇದೆ, ಕೆಳಗೆ ದಪ್ಪನೆಯ ಡರ್ಮಿಸ್. ಎರಡೂ ಬೇರೆ ಬೇರೆ ಜಾತಿಯ ಹೆಣಿಗೆ. ಇವನ್ನು ಹಿಡಿದಿಡಲು ಸಾಲುಸಾಲಾಗಿ ಪ್ರೋಟೀನುಗಳಿವೆ. ಜೀವಕೋಶದ ಒಳಗೆ ಕೆರಾಟಿನ್, ನಡುವೆ ಲ್ಯಾಮಿನಿನ್ 332, ಕೆಳಗೆ ಕೊಲಾಜನ್ 7. ನಮ್ಮ ಇಳಕಲ್ ಸೀರೆಯಲ್ಲಿ ಒಡಲಿನ ನೂಲಿಗೂ ಸೆರಗಿನ ರೇಷ್ಮೆಗೂ ಕುಣಿಕೆಗೆ ಕುಣಿಕೆ ಸಿಕ್ಕಿಸಿ ಜೋಡಿಸುತ್ತಾರಲ್ಲ, ಹೆಚ್ಚುಕಡಿಮೆ ಹಾಗೆಯೇ ಕೊಲಾಜನ್ 7 ಕುಣಿಕೆಯಾಗಿ ಬಾಗಿ ಡರ್ಮಿಸ್‌ನ ದಪ್ಪ ಎಳೆಗಳನ್ನು ಒಳಗೆ ಹಿಡಿದುಕೊಂಡಿರುತ್ತದೆ. ಇದರಲ್ಲಿ ಯಾವ ಕೊಂಡಿ ಸಡಿಲ ಅನ್ನುವುದರ ಮೇಲೆ ರೋಗ ಬೇರೆಯಾಗುತ್ತದೆ. ಕೆರಾಟಿನ್ ಕೆಟ್ಟರೆ ಗಾಯ ಸಾಮಾನ್ಯವಾಗಿ ಕಲೆ ಇಲ್ಲದೆ ಮಾಯುತ್ತದೆ. ಕೊಲಾಜನ್ 7 ಕೆಟ್ಟರೆ, ಜಾಸ್ತಿ ತೀವ್ರವಾದ ಬಗೆಯಲ್ಲಿ, ಗಾಯ ಮಾಯುತ್ತಾ ಮಾಯುತ್ತಾ ಬೆರಳುಗಳೇ ಕೂಡಿಕೊಂಡುಬಿಡುತ್ತವೆ. ಹುಟ್ಟಿದ ಕೂಸಿನ ಮೈಮೇಲೆ ನೋಡಿದರೆ ಎರಡೂ ಒಂದೇ ಥರದ ಗುಳ್ಳೆ.

ಈ ಕೊಂಡಿಗಳನ್ನು ರೋಗಿಯ ಮೈಮೇಲೆ ಎಳೆದು, ಬಿಡಿಸಿ ನೋಡಲು ಆಗುವುದಿಲ್ಲ ಅಲ್ವಾ? ಅದಕ್ಕೇ ಪ್ರಯೋಗಾಲಯದಲ್ಲಿ ಚರ್ಮ ಬೆಳೆಸುತ್ತಾರೆ. 1975ರಲ್ಲಿ ರೈನ್‌ವಾಲ್ಡ್ ಮತ್ತು ಹೋವರ್ಡ್ ಗ್ರೀನ್ ಅಮೆರಿಕದಲ್ಲಿ ಮನುಷ್ಯರ ಎಪಿಡರ್ಮಿಸ್‌ನ ಕೋಶಗಳನ್ನು ತಟ್ಟೆಯಲ್ಲಿ ಪೀಳಿಗೆ ಪೀಳಿಗೆಯಾಗಿ ಬೆಳೆಸುವ ದಾರಿ ತೋರಿಸಿದರು. ಈಗಿನ ಮಾದರಿ ಇನ್ನೂ ಮುಂದೆ ಹೋಗಿದೆ. ತಳದಲ್ಲಿ ಸಣ್ಣ ಸಣ್ಣ ರಂಧ್ರ ಇರುವ ಪುಟ್ಟ ಬಟ್ಟಲಿನಲ್ಲಿ ಮೊದಲು ಕೊಲಾಜನ್ ಜೆಲ್ಲಿ ಹಾಕಿ, ಅದರೊಳಗೆ ಡರ್ಮಿಸ್‌ನ ಕೋಶ ಬೆರೆಸುತ್ತಾರೆ. ಅದರ ಮೇಲೆ ಎಪಿಡರ್ಮಿಸ್‌ನ ಕೋಶ ಬಿತ್ತಿ, ಕೆಲವು ದಿನ ಗುಲಾಬಿ ಬಣ್ಣದ ಪೋಷಕ ದ್ರವದಲ್ಲಿ ಮುಳುಗಿಸಿ ಇಡುತ್ತಾರೆ. ಆಮೇಲೆ ದ್ರವದ ಮಟ್ಟ ಇಳಿಸುತ್ತಾರೆ, ಕೆಳಗಿಂದ ಆಹಾರ, ಮೇಲಿಂದ ಗಾಳಿ. ಗಾಳಿ ತಾಗಿದ ಮೇಲೆ ಕೋಶಗಳು ಒಂದರ ಮೇಲೊಂದು ಪದರ ಕಟ್ಟುತ್ತವೆ, ಸುಮಾರು ಎರಡು ವಾರಕ್ಕೆ ಮೇಲ್ಮೈ ಬೆಳ್ಳಗೆ ಮಂಕಾಗಿ, ನಿಜವಾದ ಚರ್ಮದ ಸತ್ತ ಪದರದ ಹಾಗೆ ಆಗುತ್ತದೆ. ರೋಗಿಯ ಕೋಶವನ್ನೇ ಹಾಕಿ ಬೆಳೆಸಿದರೆ ಅವರ ದೋಷವೂ ಅಲ್ಲಿ ಕಾಣಿಸಿಕೊಳ್ಳುತ್ತದೆ.

ದೊಡ್ಡವರಿಗೆ ಬರುವ ಪೆಂಫಿಗಸ್ ಅನ್ನುವ ಗುಳ್ಳೆ ರೋಗ ಬೇರೆ. ಅದರಲ್ಲಿ ಮೈಯೇ ತಯಾರಿಸಿದ ಆಂಟಿಬಾಡಿ ಡೆಸ್ಮೊಗ್ಲೀನ್ ಅನ್ನುವ ಪ್ರೋಟೀನಿನ ಮೇಲೆ ಬೀಳುತ್ತದೆ, ಎಪಿಡರ್ಮಿಸ್‌ನ ಒಳಗೇ ಕೋಶಕ್ಕೂ ಕೋಶಕ್ಕೂ ಹಿಡಿತ ತಪ್ಪುತ್ತದೆ. ಇದನ್ನು ಅಳೆಯುವ ರೀತಿ ನನಗೆ ತುಂಬಾ ಇಷ್ಟ. ತಟ್ಟೆಯಲ್ಲಿ ಬೆಳೆಸಿದ ಕೋಶದ ಹಾಳೆಗೆ ರೋಗಿಯ ಆಂಟಿಬಾಡಿ ಹಾಕುತ್ತಾರೆ. ಡಿಸ್ಪೇಸ್ ಎಂಬ ಕಿಣ್ವ ಹಾಕಿ ಹಾಳೆಯನ್ನು ತಳದಿಂದ ಬಿಡಿಸುತ್ತಾರೆ, ನಂತರ ಎಲ್ಲ ಹಾಳೆಗಳನ್ನೂ ಒಂದೇ ಸಮನೆ ಅಲ್ಲಾಡಿಸುತ್ತಾರೆ. ಹಿಡಿತ ಗಟ್ಟಿ ಇದ್ದರೆ ಹಾಳೆ ಇಡಿಯಾಗಿ ತೇಲುತ್ತದೆ. ಸಡಿಲ ಇದ್ದರೆ ಚೂರುಚೂರು. ಆ ಚೂರುಗಳನ್ನು ಎಣಿಸುತ್ತಾರೆ, ಅಷ್ಟೇ! ಔಷಧಿ ಹಾಕಿದಾಗ ಚೂರು ಕಮ್ಮಿಯಾದರೆ ಅದು ಮುಂದಿನ ಪರೀಕ್ಷೆಗೆ ಯೋಗ್ಯ ಅಂತ ಲೆಕ್ಕ.

ಈ ಕೆಲಸ ತಟ್ಟೆಯಲ್ಲೇ ನಿಂತಿಲ್ಲ. ಜರ್ಮನಿಯಲ್ಲಿ 7 ವರ್ಷದ ಒಬ್ಬ ಹುಡುಗನಿಗೆ ಲ್ಯಾಮಿನಿನ್ 332ರ ದೋಷದಿಂದ ಹೆಚ್ಚಿನ ಚರ್ಮ ಹೋಗಿತ್ತು. ಇಟಲಿಯ ಮಿಕೆಲೆ ಡಿ ಲೂಕಾ ತಂಡ ಅವನದೇ ಕೋಶ ತೆಗೆದು, ಸರಿಯಾದ ಜೀನ್ ಸೇರಿಸಿ, ಹಾಳೆಗಳಾಗಿ ಬೆಳೆಸಿ ಕೊಟ್ಟಿತು. ಮೈಯ ಸುಮಾರು 80 ಪ್ರತಿಶತ ಎಪಿಡರ್ಮಿಸ್ ಹೊಸದಾಯಿತು. 2017ರಲ್ಲಿ ವರದಿ ಪ್ರಕಟವಾಯಿತು, ಹುಡುಗ ಆಗ ಶಾಲೆಗೆ ಹೋಗುತ್ತಿದ್ದ.

ಅಂಥ ಚಿಕಿತ್ಸೆ ನಮ್ಮ ಜಿಲ್ಲೆಗಳಲ್ಲಿ ಇಲ್ಲ, ಸುಮ್ನೆ ಆಸೆ ತೋರಿಸುವುದಿಲ್ಲ. ಬೆಳೆಸಿದ ಚರ್ಮಕ್ಕೂ ಮಿತಿ ಇದೆ. ಸಾಮಾನ್ಯ ಮಾದರಿಗಳಲ್ಲಿ ಕೂದಲಿಲ್ಲ, ಬೆವರಿನ ಗ್ರಂಥಿಯಿಲ್ಲ, ರಕ್ತನಾಳವೂ ಇಲ್ಲ. ಆದರೆ ಯಾವ ಕೊಂಡಿ ತಪ್ಪಿದೆ ಅನ್ನುವುದನ್ನು ನಮ್ಮ ಕಡೆಯೂ ಪತ್ತೆ ಮಾಡಬಹುದು. ಸೋದರಮಾವನ ಜೊತೆ, ಅತ್ತೆಯ ಮಗನ ಜೊತೆ ಮದುವೆಯಾದ ಮನೆಗಳಲ್ಲಿ ಈ ರೋಗದ ಕೆಲವು ಬಗೆಗಳ ಸಾಧ್ಯತೆ ಜಾಸ್ತಿ. ಒಂದು ಮಗುವಿಗೆ ಇದ್ದರೆ ಮುಂದಿನ ಬಸಿರಿಗೆ ಮೊದಲೇ ಜೀನ್ ಪರೀಕ್ಷೆಯ ಬಗ್ಗೆ ಕೇಳಿ. ಇನ್ನೊಂದು ಮಾತು. ಚರ್ಮ ಯಾವ ಪದರದಲ್ಲಿ ಬಿಟ್ಟಿದೆ ಅಂತ ನೋಡುವ ಪರೀಕ್ಷೆಗೆ ಆಗ ತಾನೇ ಎದ್ದ ಗುಳ್ಳೆಯ ಅಂಚಿನ ಚರ್ಮ ಬೇಕು. ಹಳೆಯ ಗುಳ್ಳೆಯ ತಳದಲ್ಲಿ ಹೊಸ ಪದರ ಬೆಳೆಯಲು ಶುರುವಾಗಿರುತ್ತದೆ, ಆಗ ಯಾವ ಪದರದಲ್ಲಿ ಬಿಟ್ಟಿತ್ತು ಅಂತ ತಪ್ಪಾಗಿ ಕಾಣುತ್ತದೆ. ಹಾಗಾಗಿ ವಾರ ಕಾಯಬೇಡಿ, ಗುಳ್ಳೆ ಎದ್ದ ದಿನವೇ ಬನ್ನಿ. ನಮಸ್ಕಾರ.