ಲೆಕ್ಕ ಇಡಿ, ಬೆಳಗಾಗಲಿ ಎನ್ನಬೇಡಿ

ಕೇಳುಗರಿಗೆಲ್ಲ ನಮಸ್ಕಾರ. ಇವತ್ತಿನ ವಿಷಯ ಗರ್ಭಪಾತದ ನಂತರ ಕಾಣಿಸುವ ತೊಂದರೆಗಳು. ದಯವಿಟ್ಟು ರೇಡಿಯೋ ಸದ್ದು ಕಡಿಮೆ ಮಾಡಬೇಡಿ. ಅಡುಗೆಮನೆಯಲ್ಲಿರುವ ಅತ್ತೆಯವರೂ ಕೇಳಲಿ. ಗಂಡಸರೂ ಅಷ್ಟೇ, ಎದ್ದು ಹೋಗಬೇಡಿ.

ಗರ್ಭ ತಾನಾಗಿಯೇ ಹೋಗಿರಲಿ, ಮಾತ್ರೆ ತಗೊಂಡಿರಲಿ, ಆಸ್ಪತ್ರೆಯಲ್ಲಿ ತೆಗೆಸಿರಲಿ, ಆಮೇಲೆ ಸ್ವಲ್ಪ ರಕ್ತ ಹೋಗುವುದು, ಕಿಬ್ಬೊಟ್ಟೆ ನೋಯುವುದು ಸಹಜ. ಮಾತ್ರೆ ತಗೊಂಡ ದಿನ ಕೆಲವು ಗಂಟೆ ಮುಟ್ಟಿಗಿಂತ ಜಾಸ್ತಿಯೇ ಹೋಗುತ್ತದೆ, ಗಡ್ಡೆಗಡ್ಡೆಯಾಗಿ ಹೋಗುವುದೂ ಉಂಟು. ಆಮೇಲೆ ಇಳಿಯಬೇಕು. ಹಾಗಾದರೆ ವಿಪರೀತ ಅಂದರೆ ಎಷ್ಟು? ದೊಡ್ಡ ಪ್ಯಾಡ್ ಪೂರ್ತಿ ನೆನೆದು, ಗಂಟೆಗೆ ಎರಡರಂತೆ, ಸತತ ಎರಡು ಗಂಟೆ. ಎರಡು ಗಂಟೆ, ನಾಲ್ಕು ಪ್ಯಾಡ್. ಅಷ್ಟಾದರೆ ಹೊರಡಿ. ಅದಕ್ಕೂ ಮೊದಲೇ ಕಣ್ಣು ಕತ್ತಲಿಟ್ಟರೆ ಲೆಕ್ಕಕ್ಕೂ ಕಾಯಬೇಡಿ.

ಒಬ್ಬ ಅತ್ತೆಯ ಕಥೆ ಹೇಳಲೇಬೇಕು. ಸೊಸೆ ಮೆಡಿಕಲ್ ಶಾಪಿನಿಂದ ಮಾತ್ರೆ ತರಿಸಿ ಯಾರಿಗೂ ಹೇಳದೆ ನುಂಗಿದ್ದಳು. ನಾಲ್ಕು ದಿನ ಬಿಟ್ಟು ರಾತ್ರಿ ರಕ್ತ ಹರಿಯತೊಡಗಿತು. ಅತ್ತೆಗೆ ಓದು ಬರಹ ಇಲ್ಲ. ಏನಾಗಿದೆ ಅಂತ ಗೊತ್ತಾದ ಮೇಲೆ ಬೈಯುತ್ತಾ ಕೂರಲಿಲ್ಲ. ಸೊಸೆ ಬಟ್ಟೆ ಬದಲಿಸಿದಾಗಲೆಲ್ಲ ಒಲೆಯಿಂದ ಇದ್ದಿಲು ತಗೊಂಡು ಗೋಡೆಗೆ ಒಂದು ಗೆರೆ ಎಳೆದರು. ಮಗ, "ಬೆಳಿಗ್ಗೆ ಬಸ್ಸಿಗೆ ಹೋಗೋಣ ಬಿಡವ್ವ" ಅಂದ. "ಬೆಳಗಾಗೋತನಕ ಗೋಡೆ ಸಾಲಲ್ಲ ಕಣೋ, ಫೋನ್ ಮಾಡು" ಅಂದರಂತೆ! 108ರಲ್ಲಿ ಬಂದರು. ನಾನು ಕೇಳುವ ಮೊದಲೇ, "ಡಾಕ್ಟ್ರಮ್ಮ, ಉಂಡಾದ ಮೇಲೆ ಐದು ಗೆರೆ, ಮಾತ್ರೆ ನುಂಗವ್ಳೆ" ಅಂದರು. ನನಗೆ ಬೇಕಿದ್ದದ್ದು ಅಷ್ಟೇ. ಗರ್ಭಕೋಶದಲ್ಲಿ ಚೂರು ಉಳಿದಿತ್ತು. ತೆಗೆದೆವು, ಎರಡು ಬಾಟಲಿ ರಕ್ತ ಕೊಟ್ಟೆವು. ಮೂರನೇ ದಿನ ಅತ್ತೆ ಸೊಸೆ ಜಗಳವಾಡುತ್ತಾ ಮನೆಗೆ ಹೋದರು.

ಅದೇ ಎಂ.ಎ. ಓದಿದವರು "ಸ್ವಲ್ಪ ಜಾಸ್ತಿ ಹೋಗ್ತಿದೆ" ಅನ್ನುತ್ತಾರೆ. ಸ್ವಲ್ಪ ಅಂದರೆ ಎಷ್ಟು ತಾಯಿ? ಲೆಕ್ಕ ಹೇಳಿ. ಮಾತ್ರೆ ತಗೊಂಡಿದ್ದನ್ನೂ ಹೇಳಿ. ನಾವು ಪೊಲೀಸರಲ್ಲ. ಡಾಕ್ಟರ ಬಳಿ ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನು 1971ರಿಂದಲೇ ಇದೆ. 18 ದಾಟಿದವರಿಗೆ ಗಂಡನ ಸಹಿಯೂ ಬೇಡ. ಅಂಗಡಿ ಮಾತ್ರೆಗೆ ಯಾಕೆ ಹೋಗುತ್ತೀರೋ!

ಸಮಯ ಆಯಿತು ಅಂತ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಬೇಗ ಹೇಳುತ್ತೇನೆ. ಮಾತ್ರೆ ತಗೊಂಡ ದಿನ ಚಳಿ ಬರಬಹುದು, ಮಾರನೇ ದಿನವೂ ಜ್ವರ 100.4 ದಾಟಿದ್ದರೆ ಅದು ನಂಜಿರಬಹುದು. ಬಿಳಿಸೆರಗು ಕೆಟ್ಟ ವಾಸನೆ ಬಂದರೂ ಬನ್ನಿ. ಮಾತ್ರೆ ತಗೊಂಡರೂ ರಕ್ತವೇ ಹೋಗದೆ, ಹೊಟ್ಟೆಯ ಒಂದೇ ಕಡೆ ನೋವು ಕಿತ್ತುಕೊಂಡು, ಭುಜ ನೋಯುತ್ತಿದ್ದರೆ ಗರ್ಭವು ಗರ್ಭಕೋಶ ಬಿಟ್ಟು ಪಕ್ಕದ ನಾಳದಲ್ಲಿ ಕೂತಿರಬಹುದು. ಅದು ಒಡೆದರೆ ಜೀವಕ್ಕೇ ಅಪಾಯ. ಅಲ್ಲಿ ಎರಡು ಗಂಟೆಯ ಲೆಕ್ಕವೂ ಇಲ್ಲ, ತಕ್ಷಣ 108. ಇನ್ನೊಂದು, ರಕ್ತದ ಗುಂಪು ನೆಗೆಟಿವ್ ಇರುವವರು ಆಂಟಿ-ಡಿ ಇಂಜೆಕ್ಷನ್ ಬೇಕಾ ಅಂತ ಡಾಕ್ಟರನ್ನು 72 ಗಂಟೆಯೊಳಗೆ ಕೇಳಿ. ನಮಸ್ಕಾರ.